ಹಗಲು ಕನ್ನ

ಕರ್ನಾಟಕದ ಪೊಲೀಸ್ ದಾಖಲೆಗಳಲ್ಲಿ ಮನೆಗಳ್ಳತನಕ್ಕೆ ಎರಡು ಹೆಸರುಗಳಿವೆ: ಹಗಲು ಕನ್ನ ಕಳವು, ರಾತ್ರಿ ಕನ್ನ ಕಳವು. ಕನ್ನ ಎಂದರೆ ಗೋಡೆಯಲ್ಲಿ ಕೊರೆದ ತೂತು. ಮಣ್ಣಿನ ಗೋಡೆಗಳ ಕಾಲದಲ್ಲಿ ಕಳ್ಳನಿಗೆ ಅಗುಳಿ ಹಾಕಿದ ಬಾಗಿಲಿಗಿಂತ ಗೋಡೆಯೇ ಸುಲಭವಾಗಿತ್ತು. ಶೂದ್ರಕನ ‘ಮೃಚ್ಛಕಟಿಕ’ದಲ್ಲಿ ಶರ್ವಿಲಕ ಚಾರುದತ್ತನ ಮನೆಗೆ ನುಗ್ಗುವುದೂ ಹಾಗೆಯೇ. ಕನ್ನದ ಆಕಾರ ಹೇಗಿರಬೇಕೆಂದು ಯೋಚಿಸಿ, ಅಳತೆಯ ದಾರ ಮರೆತು ಬಂದದ್ದರಿಂದ ತನ್ನ ಜನಿವಾರದಲ್ಲೇ ಅಳೆದು ಗೋಡೆ ಕೊರೆಯುತ್ತಾನೆ. ಗೋಡೆಗಳು ಕಾಂಕ್ರೀಟಾದ ಮೇಲೂ ಕನ್ನಡದಲ್ಲಿ ಆ ಪದ ಉಳಿಯಿತು. ಥಾಣೆ, ಕಲ್ಯಾಣ, ನವಿ ಮುಂಬಯಿಯ ಮರಾಠಿ ಪತ್ರಿಕೆಗಳು ಅದೇ ಕೃತ್ಯವನ್ನು ‘ಘರ್‌ಫೋಡಿ’, ಅಂದರೆ ಮನೆ ಒಡೆಯುವುದು, ಎನ್ನುತ್ತವೆ.

ಹಗಲು–ರಾತ್ರಿಯ ಈ ಭೇದಕ್ಕೆ ಕಾನೂನಿನ ಆಧಾರವಿದೆ. 1860ರ ಭಾರತೀಯ ದಂಡ ಸಂಹಿತೆ ಮನೆಯೊಡೆದು ನುಗ್ಗುವ ಆರು ಬಗೆಗಳನ್ನು ಎಣಿಸಿತು. ತಾನೇ ಮಾಡಿಕೊಂಡ ದಾರಿಯಿಂದ ಒಳಹೋಗುವುದು ಮೊದಲನೆಯದು. ಬೀಗ ತೆರೆಯುವುದು ನಾಲ್ಕನೆಯದು. ಸೂರ್ಯ ಮುಳುಗಿದ ಮೇಲೆ, ಮೂಡುವ ಮೊದಲು ಇದು ನಡೆದರೆ ಶಿಕ್ಷೆ ಹೆಚ್ಚು. ಕಳವಿಗಾಗಿ ಹಗಲು ಮನೆಯೊಡೆದವನಿಗೆ ಗರಿಷ್ಠ 10 ವರ್ಷ, ರಾತ್ರಿ ಒಡೆದವನಿಗೆ 14 ವರ್ಷ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 331ನೇ ಕಲಮೂ ಅದೇ ಲೆಕ್ಕವನ್ನು ಉಳಿಸಿಕೊಂಡಿದೆ. ಇದರ ತರ್ಕ ಸರಳ. ರಾತ್ರಿ ಮನೆಮಂದಿ ಒಳಗೆ ಮಲಗಿರುತ್ತಾರೆ, ಜೀವಕ್ಕೂ ಅಪಾಯ. ಹಗಲಾದರೆ ಮನೆಯಲ್ಲಿ ಜನರಿರುತ್ತಾರೆ, ಬೀದಿಯಲ್ಲಿ ಕಣ್ಣುಗಳಿರುತ್ತವೆ.

ಹಗಲಿಡೀ ಮನೆಗಳು ಖಾಲಿಯಿರುವ ಊರುಗಳನ್ನು ಆ ಕಾನೂನು ಬರೆದವರು ಕಂಡಿರಲಿಲ್ಲ. ಅಂಥ ಊರುಗಳನ್ನು ಬೆಳೆಸಿದ್ದು ರೈಲು.

1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಹೊರಟ ದೇಶದ ಮೊದಲ ಪ್ರಯಾಣಿಕರ ರೈಲು ಬಂದು ನಿಂತದ್ದು ಥಾಣೆಯಲ್ಲಿ. ಮರುವರ್ಷ ಹಳಿ ಕಲ್ಯಾಣ ಮುಟ್ಟಿತು. ಮುಂದಿನ ನೂರು ವರ್ಷಗಳಲ್ಲಿ ಈ ಹಳಿಯ ಪಕ್ಕದ ಊರುಗಳು ಮುಂಬಯಿಯ ಮಲಗುವ ಕೋಣೆಗಳಾದವು. ಕೋಟೆಯ ಕಚೇರಿಗಳಲ್ಲಿ, ಬ್ಯಾಂಕುಗಳಲ್ಲಿ, ಹೋಟೆಲುಗಳಲ್ಲಿ ದುಡಿಯುವ ಕನ್ನಡಿಗರೂ ಬಾಡಿಗೆ ಕಡಿಮೆಯೆಂದು ಡೊಂಬಿವಲಿಗೆ ಬಂದರು; ಅಲ್ಲಿನ ಕರ್ನಾಟಕ ಸಂಘ, ಅದರ ಮಂಜುನಾಥ ವಿದ್ಯಾಲಯ ಆ ವಲಸೆಯ ಗುರುತುಗಳು. ಬೆಳಗಿನ ಲೋಕಲ್ ಹಿಡಿದು ಹೊರಟವರು ಮರಳುವುದು ದೀಪ ಹಚ್ಚುವ ಹೊತ್ತಿಗೆ.

ಆದರೂ ಚಾಳ್‌ಗಳಿದ್ದಷ್ಟು ಕಾಲ ಹಗಲು ಕಾವಲಿಲ್ಲದೆ ಇರಲಿಲ್ಲ. ಉದ್ದದ ಒಂದೇ ಜಗಲಿ, ಅದರತ್ತ ತೆರೆದ ಹತ್ತು ಬಾಗಿಲು, ಅಕ್ಕಿ ಆರಿಸುತ್ತ ಕೂತ ಅಜ್ಜಿ. ಹೊಸಬ ಬಂದರೆ ‘ಯಾರು ಬೇಕು?’ ಎಂಬ ಪ್ರಶ್ನೆ ದಾಟಿಯೇ ಮುಂದೆ ಹೋಗಬೇಕು. ಚಾಳ್ ಹೋಗಿ ಫ್ಲ್ಯಾಟ್ ಬಂದಾಗ ಜನರಿಗೆ ಸ್ವಂತ ನಲ್ಲಿ, ಸ್ವಂತ ಶೌಚಾಲಯ ಸಿಕ್ಕವು. ಮಾನದಿಂದ ಬದುಕಲು ಅವು ಬೇಕೇ ಇದ್ದವು. ಜಗಲಿಯ ಪ್ರಶ್ನೆ ಮಾತ್ರ ಇಲ್ಲವಾಯಿತು. 1970ರಲ್ಲಿ ಸ್ಥಾಪನೆಯಾದ ಸಿಡ್ಕೊ ಖಾಡಿಯಾಚೆ ನವಿ ಮುಂಬಯಿಯನ್ನು ಸೆಕ್ಟರ್ ಸೆಕ್ಟರಾಗಿ ಯೋಜಿಸಿತು. 1992ರಲ್ಲಿ ಲೋಕಲ್ ವಾಶಿ ತಲುಪಿದ ಮೇಲೆ ಅಲ್ಲೂ ಬೆಳಗ್ಗೆ ಬಾಗಿಲು ಮುಚ್ಚುವ ಬದುಕು ಬಲವಾಯಿತು. ಥಾಣೆಗೆ 1981ರಲ್ಲಿ, ನವಿ ಮುಂಬಯಿಗೆ 1994ರಲ್ಲಿ ಪ್ರತ್ಯೇಕ ಪೊಲೀಸ್ ಆಯುಕ್ತಾಲಯಗಳು ಬಂದವು.

ಜಗಲಿಯ ಕೆಲಸವನ್ನು ಜನ ಬೀಗಕ್ಕೆ ವಹಿಸಿದರು. ಮುಂಬಯಿಯಲ್ಲಿ ಹೆಚ್ಚುತ್ತಿದ್ದ ಮನೆಗಳ್ಳತನದ ಸುದ್ದಿ ಓದಿ ಅರ್ದೇಶಿರ್ ಗೋದ್ರೆಜ್ 1897ರಲ್ಲಿ ಲಾಲ್‌ಬಾಗ್‌ನಲ್ಲಿ ಬೀಗ ತಯಾರಿಕೆ ಆರಂಭಿಸಿದರೆಂದು ಹೇಳುತ್ತಾರೆ. ಆದರೆ ಬೀಗಕ್ಕೊಂದು ದೌರ್ಬಲ್ಯವಿದೆ. ಹೊರಗೆ ತೂಗುವ ಬೀಗ ‘ಒಳಗೆ ಯಾರೂ ಇಲ್ಲ’ ಎಂದು ಮೆಟ್ಟಿಲು ಹತ್ತುವ ಪ್ರತಿಯೊಬ್ಬರಿಗೂ ಹೇಳುತ್ತದೆ. ಬಾಗಿಲೊಳಗೇ ಕೂರುವ ಲ್ಯಾಚ್ ಅಷ್ಟು ಬಾಯಿಬಡುಕನಲ್ಲ. ಹೊಸಿಲ ಮೇಲೆ ಉಳಿದ ಹಾಲಿನ ಪ್ಯಾಕೆಟ್, ರಾಶಿಬಿದ್ದ ಪತ್ರಿಕೆ, ಹಗಲಲ್ಲೂ ಉರಿಯುವ ದೀಪ ಹೇಳುವುದೂ ಆ ಬೀಗದ ಮಾತನ್ನೇ.

ಬೀಗವನ್ನೂ ನಂಬದವರು ಚಿನ್ನವನ್ನು ಬ್ಯಾಂಕ್ ಲಾಕರಿಗೆ ಒಯ್ದರು. ಹಳೆಯ ಕನ್ನ ಅಲ್ಲಿಗೇ ಬಂತು. 2017ರ ನವೆಂಬರ್ 13, ಸೋಮವಾರ. ನವಿ ಮುಂಬಯಿಯ ಜೂಯಿನಗರದ ಬ್ಯಾಂಕ್ ಆಫ್ ಬರೋಡಾ ಶಾಖೆ ತೆರೆದಾಗ ಸುಮಾರು 30 ಲಾಕರ್‌ಗಳು ಖಾಲಿಯಾಗಿದ್ದವು. ಕಳ್ಳರು ತಿಂಗಳುಗಳ ಮೊದಲೇ ಅದೇ ಕಟ್ಟಡದಲ್ಲಿ ಅಂಗಡಿಯೊಂದನ್ನು ಬಾಡಿಗೆಗೆ ಹಿಡಿದು, ಅದರೊಳಗಿನಿಂದ ಹತ್ತಾರು ಅಡಿ ಸುರಂಗ ತೋಡಿದ್ದರು. ದಂಡ ಸಂಹಿತೆಯ ಮೊದಲನೆಯ ಬಗೆ, ಶರ್ವಿಲಕನ ಬಗೆ. ಪೊಲೀಸರು ಕೆಲವೇ ದಿನಗಳಲ್ಲಿ ಹಲವರನ್ನು ಬಂಧಿಸಿದರು. ಆದರೆ ಲಾಕರಿನೊಳಗೆ ಏನಿತ್ತೆಂಬುದು ಬ್ಯಾಂಕಿನ ಪುಸ್ತಕದಲ್ಲಿ ಇರುವುದಿಲ್ಲ. ಕಳಕೊಂಡವರೇ ಅದನ್ನು ಹೇಳಿ ಸಾಬೀತು ಮಾಡಬೇಕು. ಲಾಕರ್ ತನ್ನ ಹೊಣೆಯಲ್ಲವೆಂದು ಬ್ಯಾಂಕು ಕೈತೊಳೆದುಕೊಳ್ಳುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಬೇರೊಂದು ಪ್ರಕರಣದಲ್ಲಿ ಹೇಳಿದ್ದು 2021ರ ಫೆಬ್ರವರಿಯಲ್ಲಿ. ಆ ಬಳಿಕ ರಿಸರ್ವ್ ಬ್ಯಾಂಕ್ ತಂದ, 2022ರ ಜನವರಿ 1ರಿಂದ ಜಾರಿಯಾದ ನಿಯಮದ ಪ್ರಕಾರ ಕಳವು, ಬೆಂಕಿ, ಕಟ್ಟಡ ಕುಸಿತದಂಥ ಸಂದರ್ಭಗಳಲ್ಲಿ ಬ್ಯಾಂಕಿನ ಹೊಣೆ ಲಾಕರಿನ ವಾರ್ಷಿಕ ಬಾಡಿಗೆಯ 100 ಪಟ್ಟು. ಬಾಡಿಗೆ 2,000 ರೂಪಾಯಿಯಾದರೆ 2 ಲಕ್ಷ. ಒಂದು ಮದುವೆಯ ಚಿನ್ನಕ್ಕೆ ಅದು ಸಾಲದು. ಒಡವೆಗಳ ಫೋಟೊ ಮತ್ತು ರಸೀದಿಗಳನ್ನು ಒಡವೆಯಿಂದ ಬೇರೆ ಕಡೆ ಇಡಬೇಕೆನ್ನುವುದು ಇದಕ್ಕಾಗಿಯೇ.

ಇಂದು ಸೊಸೈಟಿಯ ಗೇಟಿನಲ್ಲಿ ಕ್ಯಾಮೆರಾ ಇದೆ, ವಾಚ್‌ಮನ್ ಇದ್ದಾನೆ, ಹೆಸರು ಬರೆಯುವ ಪುಸ್ತಕವಿದೆ. ಮಧ್ಯಾಹ್ನದ ಹೊತ್ತು ಕಟ್ಟಡದಲ್ಲಿ ನಿಜವಾಗಿ ಇರುವವರು ವಾಚ್‌ಮನ್, ಮನೆಕೆಲಸದ ಬಾಯಿ, ಇಸ್ತ್ರಿಯವನು ಮತ್ತು ವೃದ್ಧರು. ಯಾವ ಮನೆಯವರು ಊರಲ್ಲಿಲ್ಲ, ಯಾವ ಮುಖ ಹೊಸದು ಎಂದು ಬಲ್ಲವರೂ ಅವರೇ. ಕಳವಾದರೆ ಮೊದಲು ಬೆರಳು ತೋರುವುದು ಅವರಲ್ಲಿ ಬಡವರಾದವರ ಕಡೆಗೆ. ಈ ಚಾಳಿಗೂ ಇತಿಹಾಸವಿದೆ. 1871ರ ಕಾಯ್ದೆ ಇಡೀ ಸಮುದಾಯಗಳನ್ನೇ ಹುಟ್ಟಿನಿಂದ ಅಪರಾಧಿಗಳೆಂದು ಕರೆಯಿತು. ಮುಂಬಯಿ ಪ್ರಾಂತದ ಸರ್ಕಾರ ಅಂಥವರನ್ನು ಸೊಲ್ಲಾಪುರ, ಹುಬ್ಬಳ್ಳಿ, ಗದಗಗಳ ವಸತಿಗಳಲ್ಲಿ ಕೂಡಿಟ್ಟಿತು. 1952ರಲ್ಲಿ ಕಾಯ್ದೆ ರದ್ದಾದರೂ ಹುಬ್ಬಳ್ಳಿಯಲ್ಲಿ ‘ಸೆಟ್ಲಮೆಂಟ್’ ಎಂಬ ಹೆಸರು ಇನ್ನೂ ಬಳಕೆಯಲ್ಲಿದೆ. ಸಂಶಯ ಕಾಯ್ದೆಗಿಂತ ಹೆಚ್ಚು ಕಾಲ ಬಾಳುತ್ತದೆ. ಹಗಲಿನ ಮಂದಿಯನ್ನೆಲ್ಲ ಕಳ್ಳರೆಂದು ಕಾಣುವ ಕಟ್ಟಡ ತನ್ನ ಜಗಲಿಯನ್ನು ಎರಡನೇ ಸಲ ಕಳೆದುಕೊಳ್ಳುತ್ತದೆ.

ಮೇ ರಜೆಯಲ್ಲಿ ಥಾಣೆ, ಪನ್ವೇಲ್ ನಿಲ್ದಾಣಗಳಿಂದ ಮತ್ಸ್ಯಗಂಧ ಹತ್ತಿ ಉಡುಪಿ, ಮಂಗಳೂರಿನತ್ತ ಹೊರಡುವ ಕುಟುಂಬಗಳು ಗ್ಯಾಸ್ ಬಂದ್ ಮಾಡುತ್ತವೆ, ಬೀಗವನ್ನು ಎರಡು ಬಾರಿ ಎಳೆದು ನೋಡುತ್ತವೆ. ಹಾಲು, ಪತ್ರಿಕೆ ನಿಲ್ಲಿಸಲು ಹೇಳಿರುತ್ತವೆ. ಕೆಲವರು ಇನ್ನೊಂದು ಕೆಲಸವನ್ನೂ ಮಾಡುತ್ತಾರೆ: ಎದುರು ಮನೆಯ ಬೆಲ್ ಒತ್ತಿ, ಒಂದು ಕೀಲಿಕೈ ಕೊಟ್ಟು, ‘ಸಂಜೆ ಒಂದು ದೀಪ ಹಾಕಿ ವಹಿನಿ, ತುಳಸಿಗೆ ನೀರು’ ಎಂದು ಹೇಳಿ ಹೋಗುತ್ತಾರೆ. ತುಳಸಿಗೆ ನೀರು ಹಾಕಲು ದಿನಕ್ಕೊಮ್ಮೆ ಬಾಗಿಲು ತೆರೆಯುವ ಮನೆ ಖಾಲಿ ಮನೆಯಂತೆ ಕಾಣುವುದಿಲ್ಲ.