ಮೊದಲ ಮತದಾರರ ಪಟ್ಟಿ ಮತ್ತು ಹೆಸರಿನ ನಿಷೇಧ: ಒಂದು ಜಾನಪದೀಯ ವಿವೇಚನೆ

ಸ್ವತಂತ್ರ ಭಾರತದ ಮೊದಲ ಮಹಾಚುನಾವಣೆ 1951ರ ಅಕ್ಟೋಬರ್‌ನಿಂದ 1952ರ ಫೆಬ್ರವರಿಯವರೆಗೆ ನಡೆಯಿತು. ಅದಕ್ಕಾಗಿ ಸಿದ್ಧಗೊಂಡ ಪಟ್ಟಿಯಲ್ಲಿ ಸುಮಾರು 17 ಕೋಟಿ 30 ಲಕ್ಷ ಮತದಾರರಿದ್ದರು. ಈ ಪಟ್ಟಿಯ ಗಾತ್ರವನ್ನು ಕುರಿತು ಚರಿತ್ರಕಾರರು ಸಾಕಷ್ಟು ಬರೆದಿದ್ದಾರೆ. ಆದರೆ ಪಟ್ಟಿಯಿಂದ ಹೊರಗುಳಿದ ಒಂದು ವರ್ಗ ಜಾನಪದ ಅಧ್ಯಯನದ ದೃಷ್ಟಿಯಿಂದ ಹೆಚ್ಚು ಗಮನಾರ್ಹವಾದುದು. ಸುಮಾರು 8 ಕೋಟಿ ಮಹಿಳಾ ಮತದಾರರ ಪೈಕಿ 28 ಲಕ್ಷದಷ್ಟು ಮಂದಿ ತಮ್ಮ ಸ್ವಂತ ಹೆಸರನ್ನು ತಿಳಿಸಲಿಲ್ಲವೆಂಬ ಕಾರಣಕ್ಕೆ ಅವರ ನಮೂದುಗಳನ್ನು ತೆಗೆದುಹಾಕಲಾಯಿತು. ಇಂತಹವರಲ್ಲಿ ಬಹುಪಾಲು ಬಿಹಾರ, ಉತ್ತರ ಪ್ರದೇಶ, ಮಧ್ಯಭಾರತ, ರಾಜಸ್ಥಾನ ಮತ್ತು ವಿಂಧ್ಯ ಪ್ರದೇಶಗಳವರು. ವಯಸ್ಸು, ವಾಸ, ಪೌರತ್ವ ಯಾವುದರಲ್ಲಿಯೂ ಅವರಿಗೆ ಕೊರತೆಯಿರಲಿಲ್ಲ. ಕೊರತೆಯಿದ್ದುದು ಹೆಸರಿನ ಅಂಕಣದಲ್ಲಿ ಮಾತ್ರ.

ಪಟ್ಟಿಯ ಕೆಲಸ ಸಂವಿಧಾನ ಜಾರಿಗೆ ಬರುವುದಕ್ಕೂ ಮೊದಲೇ ಆರಂಭವಾಗಿತ್ತು. ಮಂಗಳೂರು ಮೂಲದ ಬೆನಗಲ್ ನರಸಿಂಗರಾಯರು ಸಂವಿಧಾನ ಸಭೆಯ ಸಲಹೆಗಾರರಾಗಿದ್ದ ಕಾಲದಲ್ಲಿ, 1948ರ ಮಾರ್ಚ್‌ನಲ್ಲಿ, ಕರಡು ಪಟ್ಟಿ ತಯಾರಿಸುವ ಸೂಚನೆಗಳು ಸಭೆಯ ಸಚಿವಾಲಯದಿಂದ ಪ್ರಾಂತಗಳಿಗೆ ಹೋದವು. ಮನೆಮನೆಗೆ ಹೋಗಿ ಬರೆದುಕೊಂಡವರಲ್ಲಿ ಪಟವಾರಿಗಳಂತಹ ಗ್ರಾಮಾಧಿಕಾರಿಗಳಿದ್ದರು. ಬಾಗಿಲಲ್ಲಿ ನಿಂತ ಅಪರಿಚಿತ ಗಂಡಸು ಒಳಗಿನ ಹೆಂಗಸಿನ ಹೆಸರು ಕೇಳುವುದೇ ಪರದೆಯ ಪದ್ಧತಿಯಿದ್ದ ಪ್ರದೇಶಗಳಲ್ಲಿ ಅನುಚಿತವೆನಿಸುವ ಸಂಗತಿ. 'ಇಂಥವರ ತಾಯಿ', 'ಇಂಥವರ ಹೆಂಡತಿ' ಎಂಬ ಉತ್ತರಗಳು ಬಂದವು; ಹಾಗೆಯೇ ಬರೆದುಕೊಂಡೂ ಆಯಿತು. ಇದನ್ನು ಕೇವಲ ಹಳ್ಳಿಯ ಅಜ್ಞಾನವೆಂದು ತಳ್ಳಿಹಾಕುವುದು ಸರಿಯಲ್ಲ. 1935ರ ಕಾಯಿದೆಯಲ್ಲಿ ಹಲವು ಸ್ತ್ರೀಯರಿಗೆ ಮತಾಧಿಕಾರ ದೊರೆತದ್ದೇ ಗಂಡನ ಆಸ್ತಿಯ ಅರ್ಹತೆಯ ಮೂಲಕ, ಪತ್ನಿ ಅಥವಾ ವಿಧವೆ ಎಂಬ ನೆಲೆಯಲ್ಲಿ. ಹೆಣ್ಣನ್ನು ಸಂಬಂಧದ ಮೂಲಕ ಗುರುತಿಸುವ ಕ್ರಮವನ್ನು ವಸಾಹತು ಕಾನೂನೂ ಒಪ್ಪಿಕೊಂಡಿತ್ತೆಂಬುದನ್ನು ಇಲ್ಲಿ ಮರೆಯಬಾರದು.

ಜನಪದರ ಲೋಕದೃಷ್ಟಿಯಲ್ಲಿ ಹೆಸರು ಬರಿಯ ಗುರುತಲ್ಲ. ಅದು ವ್ಯಕ್ತಿಯ ಒಂದು ಅಂಶ. ಹೆಸರನ್ನು ಬಲ್ಲವನಿಗೆ ವ್ಯಕ್ತಿಯ ಮೇಲೆ ಒಂದು ಬಗೆಯ ಹಿಡಿತ ದೊರೆಯುತ್ತದೆಂಬ ನಂಬಿಕೆ ಅನೇಕ ಸಮುದಾಯಗಳಲ್ಲಿದೆ. ಹುಟ್ಟಿದ ಮಕ್ಕಳು ಉಳಿಯದ ಮನೆಗಳಲ್ಲಿ ಮುಂದಿನ ಕೂಸನ್ನು ತಿಪ್ಪೆಯ ಮೇಲೆ ಹೊರಳಿಸಿ ತಿಪ್ಪಯ್ಯ, ತಿಪ್ಪಮ್ಮ ಎಂದು ಹೆಸರಿಡುವ ಕನ್ನಡ ನಾಡಿನ ರೂಢಿಯೂ ಇದೇ ತರ್ಕದ್ದು: ಕೆಟ್ಟ ಕಣ್ಣಿಗೆ ಬೀಳದಂತೆ ಮಗುವನ್ನು ಹೆಸರಿನ ಮರೆಯಲ್ಲಿ ಇಡುವುದು. ಗಂಡನ ಹೆಸರನ್ನು ಉಚ್ಚರಿಸಿದರೆ ಅವನ ಆಯುಷ್ಯ ಕುಗ್ಗುತ್ತದೆಂಬ ನಂಬಿಕೆ ಇಡೀ ದೇಶದಲ್ಲಿ ಹರಡಿದೆ. 'ಇವರು', 'ನಮ್ಮ ಮನೆಯವರು', 'ಯಜಮಾನರು' ಎಂಬ ಮಾತುಗಳು ಈ ನಿಷೇಧದಿಂದಲೇ ಬಲಗೊಂಡವು.

ಆದರೆ ಎಲ್ಲೆಡೆಯೂ ನಿಷೇಧದ ಸ್ವರೂಪ ಒಂದೇ ಅಲ್ಲ. ಕರ್ನಾಟಕದಲ್ಲಿ ಮುಖ್ಯವಾಗಿ ತಡೆಯಿರುವುದು ಗಂಡನ ಹೆಸರಿಗೆ. ಅದಕ್ಕೂ ಜನಪದರು ದಾರಿ ಕಂಡುಕೊಂಡಿದ್ದಾರೆ. ಉತ್ತರ ಕರ್ನಾಟಕದ ಮದುವೆ, ಸೀಮಂತಗಳಲ್ಲಿ ಹೆಣ್ಣುಮಕ್ಕಳು ಒಡಪು ಕಟ್ಟಿ, ಪ್ರಾಸದ ನಡುವೆ ಗಂಡನ ಹೆಸರನ್ನು ಸೇರಿಸಿ, ನೆರೆದವರ ಮುಂದೆ ನಗುತ್ತ ಹೇಳುತ್ತಾರೆ. ನಿತ್ಯದಲ್ಲಿ ನಿಷಿದ್ಧವಾದದ್ದು ಆಚರಣೆಯಲ್ಲಿ ಅಪೇಕ್ಷಿತವಾಗುತ್ತದೆ. ಹೇಳದೆ ಹೋದರೆ ಒಳಗೆ ಬಿಡುವವರಿಲ್ಲ! ಬಿಹಾರ ಮತ್ತು ಅದರ ಸುತ್ತಲಿನ ಹಳ್ಳಿಗಳಲ್ಲಿಯಾದರೋ ಮರೆಯಾಗುತ್ತಿದ್ದುದು ಹೆಣ್ಣಿನ ಸ್ವಂತ ಹೆಸರೇ. ಮದುವೆಯಾಗಿ ಬಂದವಳನ್ನು ತವರೂರಿನ ಹೆಸರಿಗೆ 'ವಾಲಿ' ಸೇರಿಸಿ, ಮಕ್ಕಳಾದ ಮೇಲೆ ಇಂಥವನ ತಾಯಿಯೆಂದು ಕರೆಯುವುದು ಅಲ್ಲಿನ ವಾಡಿಕೆ. ಅತ್ತೆಮನೆಯಲ್ಲಿ ಆಕೆಯ ಹುಟ್ಟುಹೆಸರು ಬಲ್ಲವರೇ ವಿರಳವಾಗುತ್ತಿದ್ದರು. ಹೀಗಿರುವಾಗ 'ಹೆಸರು ತಿಳಿಸಲಿಲ್ಲ' ಎಂಬ ಕಡತದ ಮಾತಿನಲ್ಲಿ ಹಲವು ಸಂಗತಿಗಳು ಬೆರೆತಿರುವ ಸಾಧ್ಯತೆಯಿದೆ. ಹೇಳಲೊಲ್ಲದ ಹೆಣ್ಣು, ಹೇಳಗೊಡದ ಗಂಡು, ಹೆಸರನ್ನೇ ಅರಿಯದ ಮನೆ ಇವೆಲ್ಲ ಒಂದೇ ಅಂಕಣದಲ್ಲಿ ಒಂದೇ ರೀತಿ ಕಾಣಿಸುತ್ತವೆ.

ಮೊದಲ ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಅವರ ನಿಲುವು ನಿಷ್ಠುರವಾಗಿತ್ತು. ಹೆಸರು ಮತದಾರನ ಗುರುತಿನ ಅವಶ್ಯಕ ಭಾಗ. ಅದಿಲ್ಲದೆ ಯಾರನ್ನೂ ಪಟ್ಟಿಗೆ ಸೇರಿಸಬಾರದೆಂದು ಆಯೋಗ ಆದೇಶಿಸಿತು. ಬಿಹಾರಕ್ಕೆ ಒಂದು ತಿಂಗಳ ವಿಶೇಷ ಕಾಲಾವಕಾಶ ದೊರೆತು, ಅಲ್ಲಿ ಬಹಳಷ್ಟು ಹೆಸರುಗಳು ಸೇರಿದವು. ರಾಜಸ್ಥಾನದಲ್ಲಿ ಇಂತಹ ಅವಕಾಶದಿಂದ ಹೆಚ್ಚಿನ ಫಲ ಸಿಗಲಿಲ್ಲ. ಹೆಸರು ತೆಗೆದುದರಿಂದ ಎದ್ದ ಗದ್ದಲ ಒಳ್ಳೆಯದೇ, ಮುಂದಿನ ಚುನಾವಣೆಯ ಹೊತ್ತಿಗೆ ಈ ಪೂರ್ವಗ್ರಹ ಅಳಿಯಲು ಅದು ನೆರವಾಗುತ್ತದೆಂಬುದು ಸೇನ್ ಅವರ ಅಭಿಪ್ರಾಯ. ಸಮಾನ ಪೌರತ್ವದ ದೃಷ್ಟಿಯಿಂದ ಈ ನಿರ್ಧಾರ ಸರಿಯಾದುದೇ. 'ಇಂಥವನ ಹೆಂಡತಿ' ಎಂದು ಮತ ಚಲಾಯಿಸುವುದು 1935ರ ಕಾಯಿದೆಗೆ ಮರಳಿದಂತಾಗುತ್ತಿತ್ತು. ಆದರೆ ಆ ಬದಲಾವಣೆಯ ಬೆಲೆಯನ್ನು ತೆತ್ತವರು ಹೆಸರು ಮುಚ್ಚಿಟ್ಟ ಮನೆಯ ಯಜಮಾನರಲ್ಲ. ಪಟ್ಟಿಯಿಂದ ಬಿಟ್ಟುಹೋದ ಹೆಂಗಸರು.

ಮುಂದಿನ ಕಾನೂನು ಈ ವಿಷಯದಲ್ಲಿ ಇನ್ನಷ್ಟು ಸ್ಪಷ್ಟವಾಯಿತು. 1960ರ ಮತದಾರರ ನೋಂದಣಿ ನಿಯಮಗಳ 8ನೆಯ ನಿಯಮದಂತೆ, ನೋಂದಣಾಧಿಕಾರಿಯ ಪತ್ರ ತಲುಪಿದ ಮನೆಯವರು ಕೇಳಿದ ಮಾಹಿತಿಯನ್ನು ತಮಗೆ ತಿಳಿದಮಟ್ಟಿಗೆ ಒದಗಿಸಬೇಕು. 1950ರ ಪ್ರಜಾಪ್ರತಿನಿಧಿತ್ವ ಕಾಯಿದೆಯ 31ನೆಯ ಕಲಮು ನೋಂದಣಿಯಲ್ಲಿ ತಿಳಿದೂ ಸುಳ್ಳು ಹೇಳಿದವರಿಗೆ ಒಂದು ವರ್ಷದವರೆಗೆ ಸೆರೆಮನೆ, ಅಥವಾ ದಂಡ, ಅಥವಾ ಎರಡನ್ನೂ ವಿಧಿಸುತ್ತದೆ. ಕರಡು ಪಟ್ಟಿಯನ್ನು ಸಾರ್ವಜನಿಕವಾಗಿ ಪ್ರಕಟಿಸಿ ಆಕ್ಷೇಪಣೆಗಳನ್ನು ಆಹ್ವಾನಿಸಲಾಗುತ್ತದೆ. ಮತ ಗುಟ್ಟಾದರೂ ಮತದಾರ ಗುಟ್ಟಲ್ಲ. ಊರಿನವರೆಲ್ಲ ಓದಬಲ್ಲ ಪಟ್ಟಿಯಿಂದಲೇ ಕಳ್ಳ ನಮೂದುಗಳು ಬಯಲಾಗುತ್ತವೆಂಬುದು ಇದರ ಹಿಂದಿನ ತಿಳಿವಳಿಕೆ.

ಹೆಸರಿನ ಪ್ರಶ್ನೆ ತಣ್ಣಗಾದ ಮೇಲೆ ಮುಖದ ಪ್ರಶ್ನೆ ಬಂದಿತು. ಪಟ್ಟಿಯಲ್ಲಿ ಪರದೆಯ ಸ್ತ್ರೀಯರ ಛಾಯಾಚಿತ್ರ ಮುದ್ರಿಸುವುದನ್ನು ಪ್ರಶ್ನಿಸಿದ ಅರ್ಜಿಯನ್ನು ಮದ್ರಾಸ್ ಹೈಕೋರ್ಟ್ 2006ರಲ್ಲಿ ತಳ್ಳಿಹಾಕಿತು. 2017ರ ಆಗಸ್ಟ್ 24ರಂದು ಸರ್ವೋಚ್ಚ ನ್ಯಾಯಾಲಯದ 9 ನ್ಯಾಯಾಧೀಶರ ಪೀಠ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. ಆ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಮರುವರ್ಷ ಅಕ್ಟೋಬರ್‌ನಲ್ಲಿ, ಯಂತ್ರದಿಂದ ಹುಡುಕಬಲ್ಲ ರೂಪದಲ್ಲಿಯೇ ಪಟ್ಟಿ ನೀಡಬೇಕೆಂಬ ಕೋರಿಕೆಯನ್ನು ಅದೇ ನ್ಯಾಯಾಲಯ ನಿರಾಕರಿಸಿತು. ಪಟ್ಟಿಯನ್ನು ಚಿತ್ರರೂಪದಲ್ಲಿ ಮಾತ್ರ ಕೊಡುವುದಕ್ಕೆ ಆಯೋಗ ನೀಡಿದ್ದ ಕಾರಣಗಳಲ್ಲಿ ಮತದಾರರ ಖಾಸಗಿತನವೂ ಒಂದು. 1951ರಲ್ಲಿ ಹೆಸರನ್ನು ಮರೆಯಲ್ಲಿಟ್ಟವರು ಪಟ್ಟಿಯಿಂದ ಹೊರಗಾದರು. 2018ರಲ್ಲಿ ಹೆಸರನ್ನು ಅಷ್ಟಿಷ್ಟು ಮರೆಯಲ್ಲಿಡುವುದು ಪಟ್ಟಿಯನ್ನು ಕಾಯುವವರ ಹೊಣೆಯೆನಿಸಿತು.

2022ರ ಆಗಸ್ಟ್ 1ರಿಂದ ಬಳಕೆಗೆ ಬಂದ 6ನೆಯ ನಮೂನೆಯಲ್ಲಿ ಸಂಬಂಧಿಕರ ಹೆಸರಿನ ಅಂಕಣ ಹಾಗೆಯೇ ಉಳಿದಿದೆ. ಅಲ್ಲಿ ತಂದೆ, ತಾಯಿ, ಗಂಡ ಇವರೊಂದಿಗೆ ಹೆಂಡತಿಯ ಹೆಸರನ್ನೂ ಬರೆಯಬಹುದು. ತೃತೀಯ ಲಿಂಗಿಗಳು ತಮ್ಮ ಗುರುವಿನ ಹೆಸರನ್ನು ಬರೆಯಬಹುದು.