ಒಂದು ‘ಬಹುದು’, ಒಂದು ‘ಒಳಗೆ’

ಗಂಗಾವಳಿಯ ದಂಡೆಯಲ್ಲಿ ನಿಂತ ಪಯಣಿಗನೊಬ್ಬನನ್ನು ನೆನೆದುಕೊಳ್ಳಿ. “ದೋಣಿಯಲ್ಲಿ ನದಿಯನ್ನು ದಾಟಬಹುದು” ಎಂದು ಊರವರು ಅವನಿಗೆ ಹೇಳುತ್ತಾರೆ. ಇದೇ ಮಾತನ್ನು ಇಂಗ್ಲಿಷಿನಲ್ಲಿ ಹೇಳಹೊರಟರೆ ಮೊದಲು ‘ಮೇ’ ಬರಬೇಕು, ಆಮೇಲೆ ದಾಟುವ ಕ್ರಿಯೆ, ಅದರ ಬೆನ್ನಿಗೆ ನದಿ, ಅನಂತರ ‘ಇನ್’, ಕಟ್ಟಕಡೆಗೆ ದೋಣಿ. ಈಗ ನಮ್ಮ ವಾಕ್ಯವನ್ನು ಬಾಲದಿಂದ ತಲೆಯ ಕಡೆಗೆ ಓದಿ ನೋಡಿ: ಬಹುದು, ದಾಟು, ನದಿ, ಅಲ್ಲಿ, ದೋಣಿ. ದಂಡೆಯ ತೆಂಗಿನ ಮರವೂ ನೀರಿನೊಳಗಿನ ಅದರ ನೆರಳೂ ಹೇಗೋ, ಹಾಗೆ ಈ ಎರಡು ವಾಕ್ಯಗಳು.

ಇದು ಆಕಸ್ಮಿಕವಲ್ಲ. ಜೋಸೆಫ್ ಗ್ರೀನ್‌ಬರ್ಗ್ ಎಂಬ ಅಮೆರಿಕದ ಭಾಷಾವಿಜ್ಞಾನಿ ಲೋಕದ ಮೂವತ್ತು ಭಾಷೆಗಳನ್ನು ಆರಿಸಿಕೊಂಡು, ಅವುಗಳ ಪದಕ್ರಮವನ್ನು ತೂಗಿ ನೋಡಿ, 1963ರಲ್ಲಿ ಒಂದು ಪ್ರಬಂಧವನ್ನು ಪ್ರಕಟಿಸಿದನು. ಆ ಮೂವತ್ತರಲ್ಲಿ ನಮ್ಮ ಕನ್ನಡವೂ ಒಂದು. ಕ್ರಿಯಾಪದವನ್ನು ವಾಕ್ಯದ ಕೊನೆಗೆ ಇಡುವ ಭಾಷೆಗಳು ಸಂಬಂಧಸೂಚಕಗಳನ್ನು ನಾಮಪದದ ಹಿಂದುಗಡೆಯೇ ಹಚ್ಚುವುದು ಹೆಚ್ಚು, ಸಹಾಯಕ ಕ್ರಿಯಾಪದವನ್ನೂ ಮುಖ್ಯ ಕ್ರಿಯೆಯ ಅನಂತರವೇ ತರುತ್ತವೆ ಎಂಬುದು ಅವನು ಕಂಡುಕೊಂಡ ಸಂಗತಿಗಳಲ್ಲಿ ಸೇರಿದೆ. ‘ದೋಣಿಯಲ್ಲಿ’ ಎಂಬುದರ ‘ಅಲ್ಲಿ’ಯೂ ‘ದಾಟಬಹುದು’ ಎಂಬುದರ ‘ಬಹುದು’ವೂ ಹೀಗೆ ಒಂದೇ ಮನೆತನದ ಮಕ್ಕಳು. ಇಂಗ್ಲಿಷಿನ ‘ಇನ್’ ಮತ್ತು ‘ಮೇ’ ಎರಡೂ ಮುಂದೆ ನಡೆಯುತ್ತವೆ, ನಮ್ಮವೆರಡೂ ಹಿಂಬಾಲಿಸುತ್ತವೆ.

ಇಂಗ್ಲಿಷು ಮೊದಲಿನಿಂದಲೂ ಇಂದಿನಂತೆಯೇ ಇತ್ತೆಂದು ತಿಳಿಯಬಾರದು. ಸಾವಿರ ವರ್ಷಗಳ ಹಿಂದಿನ ಇಂಗ್ಲಿಷಿನಲ್ಲಿ ನಾಮಪದಗಳಿಗೆ ವಿಭಕ್ತಿ ಪ್ರತ್ಯಯಗಳಿದ್ದವು. ಪ್ರಿಪೊಜಿಷನ್ನುಗಳು ಆಗಲೂ ಇದ್ದವು. ಆದರೆ ಹೊರೆಯನ್ನು ಎರಡೂ ಹಂಚಿಕೊಂಡು ಹೊರುತ್ತಿದ್ದವು. ಕಾಲಕ್ರಮದಲ್ಲಿ ಪ್ರತ್ಯಯಗಳು ಸವೆದುಹೋದುವು. ಇಡೀ ಭಾರ ಪ್ರಿಪೊಜಿಷನ್ನಿನ ಹೆಗಲಿಗೆ ಬಿತ್ತು. ಮೋಡಲ್ ಎಂದು ಕರೆಯುವ ಸಹಾಯಕ ಕ್ರಿಯಾಪದಗಳ ಕಥೆಯೂ ಇಂಥದೇ. ಅವು ಒಂದು ಕಾಲಕ್ಕೆ ಸ್ವತಂತ್ರವಾಗಿ ಬಾಳಿದ ಕ್ರಿಯಾಪದಗಳು. ‘ಕ್ಯಾನ್’ ಎಂದರೆ ತಿಳಿದಿರುವುದು. ‘ಮೇ’ ಎಂದರೆ ಬಲವುಳ್ಳದ್ದಾಗಿರುವುದು. ‘ವಿಲ್’ ಎಂದರೆ ಬಯಸುವುದು. ‘ಶ್ಯಾಲ್’ ಎಂದರೆ ಸಾಲವನ್ನು ಹೊತ್ತಿರುವುದು. ಕಾನೂನಿನಲ್ಲಿ ‘ಶ್ಯಾಲ್’ ಬಂದೊಡನೆ ಏನೋ ತೀರಿಸಬೇಕಾದ ಋಣವೊಂದು ಎದುರಿಗೆ ನಿಂತಂತಾಗುವುದಕ್ಕೆ ಈ ಹುಟ್ಟುಗುಣವೇ ಕಾರಣವಿದ್ದೀತು.

ನಮ್ಮ ಮನೆಯೊಳಗೂ ಇಂಥ ನಿಧಿಯಿದೆ. ‘ಈಜಬಲ್ಲ’ ಎಂಬಲ್ಲಿನ ‘ಬಲ್ಲ’ ತಿಳಿದವನೇ. ಇಂಗ್ಲಿಷಿನ ‘ಕ್ಯಾನ್’ ತುಳಿದ ಹಾದಿಯನ್ನೇ ಅದೂ ತುಳಿದಿದೆ. ‘ಬರಲಾರೆ’ ಎಂಬುದರೊಳಗೆ ಶಕ್ತನಾಗು ಎಂಬರ್ಥದ ‘ಆರ್’ ಧಾತುವಿನ ನಿಷೇಧವಿದೆ. ಹಳಗನ್ನಡದ ‘ಬೇೞ್ಕುಂ’ ಸವೆದು ‘ಬೇಕು’ ಆಗಿದೆ. ‘ಬಹುದು’ ಎಂಬುದಂತೂ ‘ಬರು’ ಧಾತುವಿನ ರೂಪ: ಬರ್ಪುದು, ಬಪ್ಪುದು, ಬಹುದು. ಅದರ ನಿಷೇಧವೇ ‘ಬಾರದು’. ಮಾಡಲು ಬರುವುದು ‘ಮಾಡಬಹುದು’. ಮಾಡಲು ಬಾರದಿರುವುದು ‘ಮಾಡಬಾರದು’.

ಕೇಶಿರಾಜನು 13ನೆಯ ಶತಮಾನದಲ್ಲಿ ‘ಶಬ್ದಮಣಿದರ್ಪಣ’ವನ್ನು ಬರೆದಾಗ ವಿಭಕ್ತಿಗಳಿಗೂ ಕ್ರಿಯೆಗಳಿಗೂ ಬೇರೆ ಬೇರೆ ಪ್ರಕರಣಗಳನ್ನು ಮಾಡಿದನು. 1604ರಲ್ಲಿ ‘ಕರ್ಣಾಟಕ ಶಬ್ದಾನುಶಾಸನ’ವನ್ನು 592 ಸಂಸ್ಕೃತ ಸೂತ್ರಗಳಲ್ಲಿ ರಚಿಸಿದ ಭಟ್ಟಾಕಳಂಕನು ನಮ್ಮ ಜಿಲ್ಲೆಯವನೇ ಎಂದು ಹೇಳಿಕೊಳ್ಳಲು ನಮಗೆ ಹೆಮ್ಮೆ, ಭಟ್ಕಳ ಸೀಮೆಯ ಹಾಡುವಳ್ಳಿಯ ಜೈನಪೀಠದ ಪರಂಪರೆಗೆ ಸೇರಿದ ವಿದ್ವಾಂಸನವನು. ಆಮೇಲೆ ಪರದೇಶದವರು ಬಂದರು. ವಿಲಿಯಂ ಕೇರಿಯ ಕನ್ನಡ ವ್ಯಾಕರಣ 1817ರಲ್ಲಿ ಬಂಗಾಳದ ಸೆರಾಂಪುರದಲ್ಲಿ ಅಚ್ಚಾಯಿತು. ಕಿಟ್ಟೆಲರದು 1903ರಲ್ಲಿ ಮಂಗಳೂರಿನಲ್ಲಿ. ಇಂಗ್ಲಿಷಿನಲ್ಲಿ ಮುಂದಿರುವುದನ್ನು ಕನ್ನಡದಲ್ಲಿ ಹಿಂದೆ ಹುಡುಕುವ ಕೆಲಸ ಅವರ ಪಾಲಿಗೆ ಬಂದಿತ್ತು. ಅದರ ವಿಪರ್ಯಾಸ ನಮ್ಮ ಪಾಲಿನದು. “ಕಾರವಾರಕ್ಕೆ ತಲುಪಿದೆ” ಎನ್ನುವ ನಮ್ಮ ಹುಡುಗನು ಇಂಗ್ಲಿಷಿನಲ್ಲಿಯೂ ‘ರೀಚ್’ ಎಂಬುದಕ್ಕೆ ಒಂದು ‘ಟು’ ಸೇರಿಸಿ ಅಂಕ ಕಳೆದುಕೊಳ್ಳುತ್ತಾನೆ. ಚತುರ್ಥಿಯನ್ನು ಕೈಬಿಡಲು ಅವನ ಮನಸ್ಸು ಒಪ್ಪುವುದಿಲ್ಲ!

ವಿಭಕ್ತಿಯೂ ಬೇಕು-ಬಹುದುಗಳೂ ಒಂದನ್ನೊಂದು ಮುಟ್ಟದೆ ದೂರ ಕೂಡುವ ನೆಂಟರಲ್ಲ. “ನಾನು ಹೋಗಬೇಕು” ಎಂದರೆ ಕರ್ತವ್ಯ. “ನಂಗೆ ಹೋಗಬೇಕು” ಎಂದು ನಮ್ಮ ಕರಾವಳಿಯಲ್ಲಿ ಅಂದರೆ ಅದರಲ್ಲಿ ಬಯಕೆಯೂ ಸೇರಿಕೊಳ್ಳುತ್ತದೆ. ಕ್ರಿಯಾಪದ ಅದೇ, ಪ್ರಥಮೆ ಚತುರ್ಥಿಯಾದ ಮಾತ್ರಕ್ಕೆ ಬೇಕಿನ ಬಣ್ಣ ಬದಲಾಯಿತು. “ನನ್ನಿಂದ ಆಗದು” ಎಂದಾಗ ತೃತೀಯೆಯು ಅಶಕ್ತಿಯನ್ನು ಸೂಚಿಸುತ್ತದೆ. ಇಂಗ್ಲಿಷಿನಲ್ಲಿಯೂ ಪ್ರಿಪೊಜಿಷನ್ನಿನ ಪದಪುಂಜ ಮೋಡಲಿನ ಅರ್ಥವನ್ನು ಹಿಗ್ಗಿಸುತ್ತದೆ, ಕುಗ್ಗಿಸುತ್ತದೆ. ‘ಮೇ’ ಎಂದಷ್ಟೇ ಹೇಳಿದರೆ ಬಾಗಿಲು ತೆರೆದಂತೆ. ಅದರೊಡನೆ ‘ವಿದಿನ್’ ಎಂದು ಒಂದು ಅವಧಿಯನ್ನು ಸೇರಿಸಿದರೆ ಆ ಬಾಗಿಲಿಗೆ ಮುಚ್ಚುವ ಹೊತ್ತನ್ನು ಗೊತ್ತುಮಾಡಿದಂತೆ.

ಇದು ಬರಿಯ ಪಂಡಿತರ ಚರ್ಚೆಯೆಂದು ಓದುಗರು ಪುಟ ಮಗುಚಬಾರದು. 1862ರಲ್ಲಿ ಉತ್ತರ ಕನ್ನಡವು ಮದರಾಸು ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ಹೋಯಿತು. 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು. ಆಳುವವರು ಬದಲಾದರು, ಕಾಯ್ದೆಯ ಮೂಲಭಾಷೆ ಮಾತ್ರ ಇಂಗ್ಲಿಷೇ ಆಗಿ ಉಳಿಯಿತು. ಸಂವಿಧಾನದ 348ನೆಯ ವಿಧಿಯ ಪ್ರಕಾರ, ಸಂಸತ್ತು ಬೇರೆ ಏರ್ಪಾಡು ಮಾಡುವ ತನಕ, ಕಾನೂನುಗಳ ಅಧಿಕೃತ ಪಠ್ಯ ಇಂಗ್ಲಿಷಿನದು. 1986ರಲ್ಲಿ ಶಂಕುಸ್ಥಾಪನೆಯಾದ ಸೀಬರ್ಡ್ ನೌಕಾನೆಲೆಗಾಗಿ ಕಾರವಾರ ಮತ್ತು ಅಂಕೋಲೆ ತಾಲೂಕುಗಳ ಸಾವಿರಾರು ಕುಟುಂಬಗಳು ಗದ್ದೆ, ಹಿತ್ತಿಲು, ಕಡಲದಂಡೆಗಳನ್ನು ಬಿಟ್ಟು ಎದ್ದುಹೋದವು. 1990ರ ದಶಕದಲ್ಲಿ ಕೊಂಕಣ ರೈಲುಮಾರ್ಗಕ್ಕೂ ನೆಲ ಬೇಕಾಯಿತು. ಆ ಕಾಲದಲ್ಲಿ ಜಾರಿಯಲ್ಲಿದ್ದ ಭೂಸ್ವಾಧೀನ ಕಾಯ್ದೆ 1894ರದು. 2014ರ ಆರಂಭಕ್ಕೆ ಹೊಸ ಕಾಯ್ದೆ ಅದರ ಸ್ಥಾನಕ್ಕೆ ಬಂದಿತು.

ಆ ಹಳೆಯ ಕಾಯ್ದೆಯ 18ನೆಯ ಕಲಮು ಪರಿಹಾರ ಸಾಲದೆನ್ನುವವನಿಗೆ ನ್ಯಾಯಾಲಯದ ದಾರಿಯನ್ನು ತೋರಿಸುತ್ತಿತ್ತು. ವಾಕ್ಯದಲ್ಲಿ ಮೊದಲು ‘ಮೇ’; ಅದಕ್ಕೂ ಅದರ ಕ್ರಿಯಾಪದಕ್ಕೂ ನಡುವೆ ‘ಬೈ’ ಎಂದು ಪ್ರಾರಂಭವಾಗುವ ಒಂದು ಪದಪುಂಜ, ಅಂದರೆ ಕಲೆಕ್ಟರರಿಗೆ ಲಿಖಿತ ಅರ್ಜಿಯ ಮೂಲಕ; ಕೆಳಗಿನ ನಿಬಂಧನೆಯಲ್ಲಿ ‘ವಿದಿನ್’. ಪರಿಹಾರದ ತೀರ್ಪು ಹೊರಟಾಗ ಹಾಜರಿದ್ದವನಿಗೆ ಆರು ವಾರ. ಹಾಜರಿಲ್ಲದವನಿಗೆ ನೋಟೀಸು ಮುಟ್ಟಿದಂದಿನಿಂದ ಆರು ವಾರ, ಇಲ್ಲವೆ ತೀರ್ಪಿನ ದಿನದಿಂದ ಆರು ತಿಂಗಳು. ಇವುಗಳಲ್ಲಿ ಯಾವುದು ಮೊದಲು ಮುಗಿಯುವುದೋ ಅದು.

ನೆಲ ಕಳೆದುಕೊಂಡ ಹಿರಿಯರೊಬ್ಬರು ಒಮ್ಮೆ ನನ್ನ ಮನೆಯ ಜಗಲಿಗೆ ಬಂದಿದ್ದರು. ಯಾವ ಕೆಲಸಕ್ಕಾಗಿ ಹೋದ ನೆಲ, ಯಾವ ಕಚೇರಿಯ ಕಾಗದ ಎಂಬುದು ಇಲ್ಲಿ ಬೇಡ. ನಾಲ್ಕು ಮಡಿಕೆಯ ಆ ಹಳೆಯ ಕಾಗದದಲ್ಲಿ, ಆರು ವಾರಗಳೊಳಗೆ ಅರ್ಜಿ ಸಲ್ಲಿಸಬಹುದು ಎಂಬರ್ಥದ ಒಂದು ಕನ್ನಡ ಸಾಲಿತ್ತು. ಅವರು ಅದನ್ನು ಓದಿದ್ದರು. ಮನೆಯ ಹೆಂಚನ್ನೂ ಬಾಗಿಲನ್ನೂ ಸಾಗಿಸುವ ಗಡಿಬಿಡಿ ಮುಗಿಯಲೆಂದು ತಡೆದಿದ್ದರು. ಆಮೇಲೆ ಹೋದಾಗ ಹೊತ್ತು ಮೀರಿತ್ತು.

“ಕೊಡಬಹುದು ಅಂತ ಇತ್ತು ಮಾಸ್ತರೆ. ಕೊಡಬೇಕು ಅಂತ ಇರಲಿಲ್ಲವಲ್ಲ” ಎಂದರು ಅವರು.

ನಾನು ಆ ಸಾಲನ್ನು ಎರಡು ಮೂರು ಸಲ ಓದಿದೆ. ಭಾಷಾಂತರಕಾರನು ತಪ್ಪು ಮಾಡಿದ್ದನೆಂದು ಹೇಳಲು ನನಗೆ ಬಾಯಿ ಬರಲಿಲ್ಲ. ‘ಮೇ’ ಎಂಬುದಕ್ಕೆ ‘ಬಹುದು’, ‘ವಿದಿನ್’ ಎಂಬುದಕ್ಕೆ ‘ಒಳಗೆ’. ನಿಘಂಟಿನ ಲೆಕ್ಕದಲ್ಲಿ ಎಲ್ಲವೂ ಸರಿ. ಆದರೆ ನಮ್ಮ ‘ಬಹುದು’ ವಾಕ್ಯದ ತುದಿಯಲ್ಲಿ ಕುಳಿತು ಹಿಂದಿನದೆಲ್ಲದರ ಮೇಲೆ ತನ್ನ ನೆರಳನ್ನು ಚೆಲ್ಲುತ್ತದೆ. ಅರ್ಜಿ ಕೊಡುವುದು ಐಚ್ಛಿಕ, ಅದು ನಿಜ. ಆ ಕಿವಿಗೆ ಆರು ವಾರಗಳೂ ಐಚ್ಛಿಕವಾಗಿ ಕೇಳಿಸಿದವು. ಇಂಗ್ಲಿಷಿನ ವಾಕ್ಯದಲ್ಲಿಯೂ ಈ ಎಡವಟ್ಟು ಇಲ್ಲದಿಲ್ಲ. ಆದರೆ ಅದನ್ನು ಓದುವವನು ವಕೀಲ. ಕನ್ನಡದ ಸಾಲನ್ನು ಓದುವವನು ನೆಲ ಕಳೆದುಕೊಂಡವನು.

ಹಾಗಾದರೆ ಕನ್ನಡಕ್ಕೆ ಆ ಶಕ್ತಿಯಿಲ್ಲವೆ? ಖಂಡಿತ ಇದೆ. ಇಂಗ್ಲಿಷಿನ ಒಂದು ವಾಕ್ಯಕ್ಕೆ ಕನ್ನಡದಲ್ಲಿಯೂ ಒಂದೇ ವಾಕ್ಯವಿರಬೇಕೆಂಬ ಹಟವನ್ನು ಬಿಟ್ಟರೆ ಸಾಕು. “ಅರ್ಜಿ ಕೊಡಬಹುದು. ಕೊಡುವುದಾದರೆ ಆರು ವಾರಗಳೊಳಗೆ ಕೊಡಲೇಬೇಕು. ಅನಂತರ ಕೊಟ್ಟರೆ ನಡೆಯದು.” ಒಂದು ‘ಮೇ’ ಇಲ್ಲಿ ಮೂರಾಗಿ ಒಡೆಯಿತು: ಹಕ್ಕಿಗೆ ‘ಬಹುದು’, ಅವಧಿಗೆ ‘ಬೇಕು’, ಮೀರಿದವನಿಗೆ ‘ನಡೆಯದು’. ಇದು ಸಂತೆಯಲ್ಲಿ ಮೀನು ಮಾರುವವಳೂ ಆಡುವ ಕನ್ನಡ.

ಆ ಕಾಯ್ದೆಗೆ 1984ರಲ್ಲಿ ಬಂದ ತಿದ್ದುಪಡಿಯು 28ಎ ಎಂಬ ಕಲಮನ್ನು ಸೇರಿಸಿತ್ತು. ಒಂದೇ ಅಧಿಸೂಚನೆಗೆ ಒಳಪಟ್ಟ ನೆರೆಹೊರೆಯವನೊಬ್ಬ ನ್ಯಾಯಾಲಯದಲ್ಲಿ ಹೆಚ್ಚಿನ ಪರಿಹಾರವನ್ನು ಪಡೆದರೆ, ಅಲ್ಲಿಗೆ ಹೋಗದವನೂ ಅದರ ಆಧಾರದ ಮೇಲೆ ಕೇಳಿಕೊಳ್ಳಲು ಅವಕಾಶ. ಅಲ್ಲಿಯೂ ಒಂದು ‘ಮೇ’, ಒಂದು ‘ವಿದಿನ್’: ಆ ತೀರ್ಪಿನ ದಿನದಿಂದ ಮೂರು ತಿಂಗಳು. ಇದನ್ನು ನಾನು ಆ ಹಿರಿಯರಿಗೆ ಹೇಳುವ ಹೊತ್ತಿಗೆ ಆ ಮೂರು ತಿಂಗಳೂ ಎಂದೋ ಕಳೆದುಹೋಗಿದ್ದವು.

ತರಗತಿಯಲ್ಲಿ ವಿಭಕ್ತಿಯ ಪಾಠ ಮಾಡುವಾಗ ಸಪ್ತಮಿಗೆ ‘ಮರದಲ್ಲಿ’, ‘ಮನೆಯಲ್ಲಿ’ ಎಂಬ ಹಳೆಯ ಉದಾಹರಣೆಗಳನ್ನೇ ಕೊಡುತ್ತಿದ್ದೆ. ಈಗ ಕಪ್ಪುಹಲಗೆಯ ಮೇಲೆ “ಆರು ವಾರಗಳೊಳಗೆ” ಎಂದು ಬರೆದು, ಅದರ ಮುಂದೆ ‘ಬಹುದು’ ಇಟ್ಟರೇನು, ‘ಬೇಕು’ ಇಟ್ಟರೇನು ಎಂದು ಮಕ್ಕಳನ್ನು ಕೇಳುತ್ತೇನೆ. ಅವರಲ್ಲಿ ಕೆಲವರಾದರೂ ಮುಂದೆ ಕಚೇರಿಗಳಲ್ಲಿ ಕುಳಿತು ಇಂಥ ಕಾಗದಗಳನ್ನು ಬರೆಯುವವರು. ಬರೆಯುವಾಗ, ಅದನ್ನು ಜಗಲಿಯ ಮೇಲೆ ಕುಳಿತು ಓದುವವನೊಬ್ಬನಿದ್ದಾನೆ ಎಂಬುದು ಅವರಿಗೆ ನೆನಪಾಗಬೇಕು.