ಸೋತ ಚುನಾವಣೆ, ಗೆದ್ದ ದಾರಿ: ಪುಣೆಗೆ ಬಂದಿದ್ದ ಮಂಗಳೂರಿನ ಕಮಲಾದೇವಿ

ಕನ್ನಡ ಬಳಗದ ನಾಟಕಕ್ಕೆ ಪಾತ್ರಧಾರಿಗಳು ಬೇಕೆಂದರೆ ನಮ್ಮ ಮಹಿಳಾ ವೇದಿಕೆಯಲ್ಲಿ ಹತ್ತು ಕೈ ಮೇಲೇಳುತ್ತವೆ. ಅದೇ ಕಾರ್ಯಕಾರಿ ಸಮಿತಿಯ ಚುನಾವಣೆಗೆ ಹೆಸರು ಕೊಡಿ ಎಂದರೆ ವಾಟ್ಸ್ಆ್ಯಪ್ ಗುಂಪು ತಣ್ಣಗಾಗುತ್ತದೆ. ಕಳೆದ ಸಲ ಸುಮ್ಮನಿದ್ದವರಲ್ಲಿ ನಾನೂ ಒಬ್ಬಳು. ಆಫೀಸು, ಮಗುವಿನ ಶಾಲೆ ಎಂದೆಲ್ಲ ನೆಪ ಹೇಳಿದೆ. ನಿಜವಾದ ಕಾರಣ, ಸೋತರೆ ಎಲ್ಲರೆದುರು ನಾಚಿಕೆ ಎಂಬ ಅಳುಕು. ಅದೇ ದಿನಗಳಲ್ಲಿ ಕಮಲಾದೇವಿ ಚಟ್ಟೋಪಾಧ್ಯಾಯರ ಬಗ್ಗೆ ಓದಿದೆ. ನಟಿಯಾಗಿ, ರಾಜಕಾರಣಿಯಾಗಿ ಬಾಳಿದ ಈ ಕರಾವಳಿಯ ಹೆಣ್ಣುಮಗಳಿಗೂ ನಮ್ಮ ಪುಣೆಗೂ ಇರುವ ನಂಟನ್ನು ನಿಮ್ಮೊಂದಿಗೆ ಹಂಚಿಕೊಳ್ಳಬೇಕೆನಿಸಿತು.

ಕಮಲಾದೇವಿ ಹುಟ್ಟಿದ್ದು 1903ರ ಏಪ್ರಿಲ್ 3ರಂದು, ಮಂಗಳೂರಿನ ಸಾರಸ್ವತ ಕುಟುಂಬವೊಂದರಲ್ಲಿ. ತಂದೆ ಅನಂತಯ್ಯ ಧಾರೇಶ್ವರ ಸರಕಾರಿ ಅಧಿಕಾರಿ, ತಾಯಿ ಗಿರಿಜಾಬಾಯಿ ಓದುಬರಹ ಬಲ್ಲ ದಿಟ್ಟೆ. ನ್ಯಾಯಮೂರ್ತಿ ರಾನಡೆ, ಗೋಖಲೆ, ರಮಾಬಾಯಿ ರಾನಡೆಯವರಂಥ ಪುಣೆಯ ಸುಧಾರಕರ ಸ್ನೇಹ ಆ ಮನೆಗಿತ್ತು. ಕಮಲಾದೇವಿಗೆ ಏಳು ವರ್ಷವಾಗಿದ್ದಾಗ ತಂದೆ ತೀರಿಕೊಂಡರು. ಅವರು ಉಯಿಲು ಬರೆದಿರಲಿಲ್ಲ. ಅಂದಿನ ಕಾನೂನಿನಂತೆ ಆಸ್ತಿಯೆಲ್ಲ ಮೊದಲ ಹೆಂಡತಿಯ ಮಗನ ಪಾಲಾಯಿತು. ತಾಯಿಗೆ ಉಳಿದದ್ದು ಮಾಸಾಶನವೊಂದೇ. ಗಿರಿಜಾಬಾಯಿ ಅದನ್ನೂ ಬೇಡವೆಂದು ತಮ್ಮ ತವರಿನ ಬಳುವಳಿಯಲ್ಲೇ ಮಗಳನ್ನು ಬೆಳೆಸಿದರು. ಕಾನೂನು ಹೆಣ್ಣಿನ ಬಾಳನ್ನು ಹೇಗೆ ಒಂದೇ ದಿನದಲ್ಲಿ ತಲೆಕೆಳಗು ಮಾಡಬಲ್ಲದು ಎಂಬುದನ್ನು ಆ ಹುಡುಗಿ ತನ್ನ ಮನೆಯಲ್ಲೇ ಕಂಡಳು.

ಎಳವೆಯಲ್ಲೇ ಮದುವೆಯಾಯಿತು, ಹದಿಹರೆಯದಲ್ಲೇ ವೈಧವ್ಯ ಬಂತು. ಆದರೆ ಓದು ನಿಲ್ಲಲಿಲ್ಲ. ಮದರಾಸಿನ ಕ್ವೀನ್ ಮೇರಿಸ್ ಕಾಲೇಜಿನಲ್ಲಿ ಓದುತ್ತಿದ್ದಾಗ ಸರೋಜಿನಿ ನಾಯ್ಡು ಅವರ ತಮ್ಮ, ಕವಿ ಹಾಗೂ ನಟ ಹರೀಂದ್ರನಾಥ ಚಟ್ಟೋಪಾಧ್ಯಾಯರ ಪರಿಚಯವಾಯಿತು. ವಿಧವೆಯ ಮರುಮದುವೆ, ಅದೂ ಬೇರೆ ಭಾಷೆಯವರೊಂದಿಗೆ! ಊರು ಆಡಿಕೊಂಡಿತು. ದಂಪತಿ ಮಾತ್ರ ಜೊತೆಯಾಗಿ ರಂಗಕ್ಕಿಳಿದರು.

ರಂಗಕ್ಕಿಳಿಯುವುದು ಆಗ ಸಣ್ಣ ಮಾತಾಗಿರಲಿಲ್ಲ. ಜಂಗ್ಲಿ ಮಹಾರಾಜ್ ರಸ್ತೆಯಲ್ಲಿ ಯಾರ ಹೆಸರಿನ ರಂಗಮಂದಿರವನ್ನು ನಾವು ನೋಡುತ್ತೇವೋ ಆ ಬಾಲಗಂಧರ್ವರು ಗಂಡಸು. ಸೀರೆಯುಟ್ಟು ಸ್ತ್ರೀಪಾತ್ರ ಮಾಡಿಯೇ ಮರಾಠಿ ಜನರ ಮನ ಗೆದ್ದವರು. 'ಮರ್ಯಾದಸ್ಥ' ಮನೆಯ ಹೆಣ್ಣು ಬಣ್ಣ ಹಚ್ಚಬಾರದು ಎಂಬುದು ಅಂದಿನ ಅಲಿಖಿತ ಕಟ್ಟಳೆ. ಕಮಲಾದೇವಿ ಆ ಕಟ್ಟಳೆಯನ್ನು ಮುರಿದರು. ಕನ್ನಡ ನಾಡಿನ ಮೊದಮೊದಲ ಮೂಕಿಚಿತ್ರಗಳಲ್ಲಿ ಒಂದಾದ, ಮೋಹನ್ ಭವನಾನಿ ನಿರ್ದೇಶನದ 'ಮೃಚ್ಛಕಟಿಕ'ದಲ್ಲೂ ನಟಿಸಿದರು. ಮುಂದೆ 1943ರಲ್ಲಿ ಸೈಗಲ್ ನಾಯಕರಾಗಿದ್ದ 'ತಾನ್‌ಸೇನ್' ಹಿಂದಿ ಚಿತ್ರದಲ್ಲೂ ಕಾಣಿಸಿಕೊಂಡರು.

ರಂಗದ ಮೇಲೆ ನಿಂತು ಅಭ್ಯಾಸವಾದವರಿಗೆ ವೇದಿಕೆಯ ಮೇಲೆ ನಿಲ್ಲುವ ಹೆದರಿಕೆ ಎಲ್ಲಿಯದು? ಆಗ ದಕ್ಷಿಣ ಕನ್ನಡ ಮದರಾಸು ಪ್ರಾಂತಕ್ಕೆ ಸೇರಿತ್ತು. ಅಲ್ಲಿ ಮಹಿಳೆಯರಿಗೆ 1921ರಲ್ಲಿ ಮತದಾನದ ಹಕ್ಕು ಸಿಕ್ಕಿತ್ತಾದರೂ ಅದು ಆಸ್ತಿ, ತೆರಿಗೆಯ ಅರ್ಹತೆ ಇದ್ದವರಿಗೆ ಮಾತ್ರ. ಅಂದರೆ ಗಿರಿಜಾಬಾಯಿಯಂತೆ ಆಸ್ತಿ ಕಳೆದುಕೊಂಡ ಹೆಂಗಸರಿಗೆ ಓಟೂ ಇಲ್ಲ. ಅಭ್ಯರ್ಥಿಯಾಗಿ ನಿಲ್ಲುವ ಬಾಗಿಲು ತೆರೆದದ್ದು 1926ರಲ್ಲಿ. ಮಹಿಳೆಯರ ಮತದಾನದ ಹಕ್ಕಿಗಾಗಿ ದುಡಿದ ಐರಿಶ್ ಮಹಿಳೆ ಮಾರ್ಗರೆಟ್ ಕಸಿನ್ಸ್ ಅವರ ಒತ್ತಾಯದಿಂದ ಇಪ್ಪತ್ಮೂರು ವಯಸ್ಸಿನ ಕಮಲಾದೇವಿ ಮದರಾಸು ಶಾಸನಸಭೆಗೆ ನಿಂತೇಬಿಟ್ಟರು. ಪ್ರಚಾರಕ್ಕೆ ಸಿಕ್ಕ ಸಮಯ ಅಲ್ಪ. ಸೋತದ್ದು ತೀರಾ ಕಡಿಮೆ ಮತಗಳಿಂದ. ಭಾರತದಲ್ಲಿ ಶಾಸನಸಭೆಗೆ ಸ್ಪರ್ಧಿಸಿದ ಮೊದಲ ಮಹಿಳೆ ಎಂದು ಇಂದು ಅವರನ್ನು ನೆನೆಯುತ್ತೇವೆ. ಗೆದ್ದವರ ಹೆಸರು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು?

ಪುಣೆಯ ಅಧ್ಯಾಯ ಆರಂಭವಾಗುವುದು ಈ ಸೋಲಿನ ಬೆನ್ನಿಗೇ. 1927ರ ಜನವರಿಯಲ್ಲಿ ಇದೇ ಫರ್ಗ್ಯುಸನ್ ಕಾಲೇಜಿನಲ್ಲಿ ಅಖಿಲ ಭಾರತ ಮಹಿಳಾ ಸಮ್ಮೇಳನದ ಮೊದಲ ಅಧಿವೇಶನ ಸೇರಿತು. ಬರೋಡಾದ ಮಹಾರಾಣಿ ಚಿಮಣಾಬಾಯಿ ಅಧ್ಯಕ್ಷೆ. ಹೆಣ್ಣುಮಕ್ಕಳ ಶಿಕ್ಷಣ ಮುಖ್ಯ ವಿಷಯ. ಅಲ್ಲಿ ರೂಪುಗೊಂಡ ಸಂಸ್ಥೆಯ ಮೊದಲ ಸಂಘಟನಾ ಕಾರ್ಯದರ್ಶಿಯಾದವರು ನಮ್ಮ ಕಮಲಾದೇವಿ. ಶಿಕ್ಷಣದ ಮಾತೆತ್ತಿದರೆ ಬಾಲ್ಯವಿವಾಹ ಅಡ್ಡ ಬರುತ್ತದೆ, ಬಾಲ್ಯವಿವಾಹದ ಹಿಂದೆಯೇ ಆಸ್ತಿಯ ಪ್ರಶ್ನೆ ಬರುತ್ತದೆ. ಸಮ್ಮೇಳನ ಇವೆಲ್ಲವನ್ನೂ ಒಂದೊಂದಾಗಿ ಕೈಗೆತ್ತಿಕೊಂಡಿತು. 1929ರಲ್ಲಿ ಬಾಲ್ಯವಿವಾಹ ತಡೆಯುವ ಶಾರದಾ ಕಾಯ್ದೆ ಬಂತು. 1937ರಲ್ಲಿ ಹಿಂದೂ ವಿಧವೆಗೆ ಗಂಡನ ಆಸ್ತಿಯಲ್ಲಿ ಸೀಮಿತ ಪಾಲು, 1956ರಲ್ಲಿ ಹೆಣ್ಣುಮಕ್ಕಳಿಗೆ ಉತ್ತರಾಧಿಕಾರದ ಹಕ್ಕು ಬಂದವು. ಇವು ಯಾರೊಬ್ಬರ ಸಾಧನೆಯೂ ಅಲ್ಲ. ಆದರೆ ಗಿರಿಜಾಬಾಯಿಗೆ ಸಿಗದಿದ್ದ ನ್ಯಾಯಕ್ಕಾಗಿ ದನಿ ಎತ್ತಿದವರ ಸಾಲಿನಲ್ಲಿ ಅವರ ಮಗಳೂ ಇದ್ದರು.

1930ರ ಉಪ್ಪಿನ ಸತ್ಯಾಗ್ರಹಕ್ಕೆ ಗಾಂಧೀಜಿ ಮೊದಲು ಮಹಿಳೆಯರನ್ನು ಸೇರಿಸಿಕೊಂಡಿರಲಿಲ್ಲ. ದಂಡಿಗೆ ಹೊರಟ ತಂಡದಲ್ಲಿ ಒಬ್ಬ ಹೆಂಗಸೂ ಇರಲಿಲ್ಲ. ಕಮಲಾದೇವಿ ಅವರನ್ನೇ ಕಂಡು, ವಾದಿಸಿ ಒಪ್ಪಿಸಿದರು. ಮುಂಬಯಿಯಲ್ಲಿ ಉಪ್ಪು ಮಾಡಿ, ಬೀದಿಯಲ್ಲಿ ನಿಂತು ಮಾರಿ ಜೈಲು ಸೇರಿದರು. 1936ರಲ್ಲಿ ಕಾಂಗ್ರೆಸ್ ಸೋಷಲಿಸ್ಟ್ ಪಕ್ಷದ ಅಧ್ಯಕ್ಷೆಯಾದರು.

ಸ್ವಾತಂತ್ರ್ಯ ಬಂದಾಗ ಅವರು ಅಧಿಕಾರದ ಕುರ್ಚಿ ಹುಡುಕಿಕೊಂಡು ಹೋಗಲಿಲ್ಲ. ಗಡಿಯಾಚೆಯಿಂದ ಬಂದ ನಿರಾಶ್ರಿತರಿಗೆ ಸಹಕಾರ ತತ್ತ್ವದ ಮೇಲೆ ಫರೀದಾಬಾದ್‌ನಲ್ಲಿ ನೆಲೆ ಕಲ್ಪಿಸಲು ದುಡಿದರು. 1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಳಿಯ ಹೊಣೆ ಹೊತ್ತು ಊರೂರು ಸುತ್ತಿ ನೇಕಾರರು, ಕುಂಬಾರರು, ಬೊಂಬೆ ಮಾಡುವವರನ್ನು ಹುಡುಕಿದರು. ರಂಗಭೂಮಿಯನ್ನೂ ಮರೆಯಲಿಲ್ಲ; ದೆಹಲಿಯ ರಾಷ್ಟ್ರೀಯ ನಾಟಕ ಶಾಲೆ ಹುಟ್ಟಿದ್ದರಲ್ಲಿ ಅವರ ಪಾಲು ದೊಡ್ಡದು. 1966ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ, 1987ರಲ್ಲಿ ಪದ್ಮವಿಭೂಷಣ ಸಂದವು. 1988ರ ಅಕ್ಟೋಬರ್ 29ರಂದು ತೀರಿಕೊಂಡರು.

ಜಯಮಾಲಾ, ಉಮಾಶ್ರೀಯವರಂಥ ನಮ್ಮ ನಟಿಯರು ಮಂತ್ರಿಗಳಾದದ್ದನ್ನು ನಾವು ಕಂಡಿದ್ದೇವೆ. ಈಗ ಅದು ಯಾರಿಗೂ ವಿಚಿತ್ರವೆನಿಸುವುದಿಲ್ಲ. ಹಾಗೆನಿಸದಿರಲು ಯಾರೋ ಒಬ್ಬರು ಮೊದಲು ಸೋಲಲು ಸಿದ್ಧರಾಗಬೇಕಿತ್ತು.

ಎಫ್‌ಸಿ ರಸ್ತೆಯಲ್ಲಿ ದೋಸೆ ತಿನ್ನಲು, ಬಟ್ಟೆ ಕೊಳ್ಳಲು ನಾವೆಲ್ಲ ಹೋಗುತ್ತಲೇ ಇರುತ್ತೇವೆ. ಮುಂದಿನ ಸಲ ಆ ಕಾಲೇಜಿನ ಗೇಟಿನ ಮುಂದೆ ಒಂದು ನಿಮಿಷ ನಿಂತು ನಿಮ್ಮ ಮಗಳಿಗೆ ಈ ಕಥೆ ಹೇಳಿ. ನನ್ನ ಮಗಳಿಗೆ ನಾನು ಹೇಳಿದೆ. "ಅಮ್ಮಾ, ಹಾಗಾದ್ರೆ ನೀನ್ಯಾಕೆ ನಿಲ್ಲಲಿಲ್ಲ?" ಎಂದು ಕೇಳಿದಳು. ಉತ್ತರ ಇರಲಿಲ್ಲ. ಈ ಬಾರಿಯ ಸಮಿತಿ ಚುನಾವಣೆಗೆ ನನ್ನ ಹೆಸರು ಕೊಟ್ಟಿದ್ದೇನೆ. ಗೆಳತಿಯರೇ, ನೀವೂ ಕೊಡಿ.